ಬೀದಿಗೊಂದು ಫೋನು

ಮನೆಗೊಂದು ಫೋನು, ದಿನಕ್ಕೆ ಬೆರಳೆಣಿಕೆಯ ಕರೆ. ಬೆಲ್ಜಿಯಂನಲ್ಲಿ ಕೂತು ಟೆಲಿಫೋನ್ ಎಕ್ಸ್‌ಚೇಂಜಿನ ನಕ್ಷೆ ಹಾಕಿದ ಎಂಜಿನಿಯರುಗಳ ಕಣ್ಣ ಮುಂದೆ ಇದ್ದದ್ದು ಹೆಚ್ಚುಕಡಿಮೆ ಇಂಥ ಸಂಸಾರ. ಅವರದ್ದೇನೂ ತಪ್ಪಿಲ್ಲ, ಅವರ ಊರಿನ ಜನ ಬದುಕಿದ್ದೇ ಹಾಗೆ. 1964ರ ಒಪ್ಪಂದದಂತೆ ಆ ‘ಕ್ರಾಸ್‌ಬಾರ್’ ತಂತ್ರಜ್ಞಾನ ಆಂಟ್‌ವರ್ಪ್‌ನಿಂದ ಕೆ.ಆರ್. ಪುರದ ಪಕ್ಕದ ದೂರವಾಣಿನಗರಕ್ಕೆ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಅಂದರೆ ಐಟಿಐ ಕಾರ್ಖಾನೆಗೆ ಬಂತು. ಇಲ್ಲಿ ತಯಾರಾದ ಯಂತ್ರಗಳು ದೇಶದ ದೊಡ್ಡ ಪಟ್ಟಣಗಳಿಗೆ ಹೋದವು. ಹೋಗಿ ಕೂತ ಮೇಲೆ ಏದುಸಿರು ಬಿಡತೊಡಗಿದವು.

ಸಾವಿರ ಫೋನುಗಳ ಎಕ್ಸ್‌ಚೇಂಜಿನಲ್ಲಿ ಸಾವಿರ ಮಂದಿಯೂ ಒಟ್ಟಿಗೆ ಮಾತಾಡುವಷ್ಟು ದಾರಿ ಇರುವುದಿಲ್ಲ. ಯಾವ ಹೊತ್ತಿನಲ್ಲಿ ಎಷ್ಟು ಮಂದಿ ರಿಸೀವರ್ ಎತ್ತಬಹುದೆಂದು ಅಂದಾಜು ಮಾಡಿ ಅಷ್ಟಕ್ಕೆ ದಾರಿ ಬಿಟ್ಟಿರುತ್ತಾರೆ. ಈ ಅಂದಾಜಿಗೆ ಗಣಿತದ ತಳಪಾಯ ಹಾಕಿದವನು ಡೆನ್ಮಾರ್ಕಿನ ಎರ್ಲಾಂಗ್. ಕರೆಗಳ ಒತ್ತಡವನ್ನು ಇಂದಿಗೂ ಅವನ ಹೆಸರಿನಲ್ಲೇ ಅಳೆಯುತ್ತಾರೆ. ಗಣಿತ ಸರಿಯಾಗಿಯೇ ಇತ್ತು, ಅದಕ್ಕೆ ಹಾಕಿದ ಅಂಕಿ ಮಾತ್ರ ನಮ್ಮದಾಗಿರಲಿಲ್ಲ. ನಮ್ಮಲ್ಲಿ ಫೋನಿದ್ದ ಮನೆ ಬೀದಿಗೆ ಒಂದು. ಎದುರುಮನೆಯವರ ಮಗಳ ಹೆರಿಗೆ, ಹಿಂದಿನ ವಠಾರದವರ ಊರಿನ ಸಾವು, ಮೂಲೆಮನೆ ಹುಡುಗನ ಇಂಟರ್‌ವ್ಯೂ ಎಲ್ಲವೂ ಅದೇ ಕಪ್ಪು ಪೆಟ್ಟಿಗೆಯ ಮೂಲಕವೇ ಬರಬೇಕು. ಲಗ್ನಪತ್ರಿಕೆಯಲ್ಲಿ, ವಿಸಿಟಿಂಗ್ ಕಾರ್ಡಿನಲ್ಲಿ ಪಕ್ಕದ ಮನೆಯ ನಂಬರು ಹಾಕಿ ಮುಂದೆ ‘ಪಿ.ಪಿ.’ ಎಂದು ಬರೆಯುತ್ತಿದ್ದದ್ದು ಐವತ್ತು ದಾಟಿದವರಿಗೆ ನೆನಪಿರಬೇಕು. ಲೈನು ಸಿಗದಿದ್ದರೆ ಫೋನಿಟ್ಟು ಸುಮ್ಮನಾಗುವ ಪೈಕಿಯೂ ನಾವಲ್ಲ. ಮತ್ತೆ ಮತ್ತೆ ತಿರುಗಿಸುತ್ತಿದ್ದೆವು, ತಿರುಗಿಸಿದಷ್ಟೂ ಯಂತ್ರಕ್ಕೆ ಹೊರೆ. ಕೊನೆಗೆ ಇಲ್ಲಿನ ಎಂಜಿನಿಯರುಗಳೇ ಕೂತು ಅದನ್ನು ನಮ್ಮ ಬಳಕೆಗೆ ತಕ್ಕಂತೆ ತಿದ್ದಬೇಕಾಯಿತು.

ತಂತ್ರಜ್ಞಾನದಿಂದ ಬಡದೇಶಗಳ ಅಭಿವೃದ್ಧಿ ಎಂಬ ವಿಷಯದ ಮೇಲೆ ಜಗತ್ತಿನಾದ್ಯಂತ ಸಮ್ಮೇಳನಗಳು ನಡೆಯುತ್ತಲೇ ಇರುತ್ತವೆ. 2007ರಲ್ಲಿ ಅಂಥದೊಂದು ಬೆಂಗಳೂರಿನಲ್ಲೂ ನಡೆಯಿತು. ಅಲ್ಲೆಲ್ಲ ಆಡುವ ಮಾತಿನಲ್ಲಿ ಅರ್ಧದಷ್ಟನ್ನು ಈ ಕ್ರಾಸ್‌ಬಾರ್ ಪ್ರಸಂಗವೊಂದೇ ಹೇಳಿಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ. ಒಬ್ಬರಿಗೊಂದು ಎಂದು ಮಾಡಿದ ಯಂತ್ರ ಹತ್ತು ಜನರ ಕೈಗೆ ಬಂದರೆ ಏನಾಗುತ್ತದೆ? ಬೆಂಗಳೂರಿನ ನಮ್ಮ ದಂಡು (ಕಂಟೋನ್ಮೆಂಟ್) ಪ್ರದೇಶದಲ್ಲಿ, ಅದರ ಪೂರ್ವಕ್ಕೆ ಹಬ್ಬಿದ ಬಡಾವಣೆಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇದೆ.

ಕತೆಯನ್ನು ಮೊದಲಿನಿಂದ ಹೇಳಬೇಕು. ಐಟಿಐ ಶುರುವಾದದ್ದು 1948ರಲ್ಲಿ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ ಎಂಬ ಹೆಗ್ಗಳಿಕೆ ಅದರದು. ಆಗ ಇಡೀ ದೇಶದಲ್ಲಿ ಇದ್ದದ್ದು ಸುಮಾರು 80 ಸಾವಿರ ಫೋನು. ಹಳೆ ಮದ್ರಾಸ್ ರಸ್ತೆಯ ಬದಿಯಲ್ಲಿ ಕಾರ್ಖಾನೆಯ ಜೊತೆಗೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ ಎದ್ದು ಒಂದು ಊರೇ ಆಯಿತು. ಅಲ್ಲಿ ಮೊದಲು ತಯಾರಾದದ್ದು ಲಿವರ್‌ಪೂಲಿನ ಕಂಪನಿಯೊಂದರಿಂದ ಕಲಿತ ‘ಸ್ಟ್ರೌಜರ್’ ಎಕ್ಸ್‌ಚೇಂಜು. ಅದು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದವರು ಮರೆಯುವುದಿಲ್ಲ. ಡಯಲಿನ 5ರ ತೂತಿಗೆ ಬೆರಳಿಟ್ಟು ತಿರುಗಿಸಿ ಬಿಟ್ಟರೆ, ಅದು ಕರ್ರೆಂದು ಹಿಂದಕ್ಕೆ ಬರುವಾಗ ತಂತಿಯಲ್ಲಿ ಕರೆಂಟು ಐದು ಸಲ ಕಡಿದು ಕೂಡುತ್ತದೆ. ಅತ್ತ ಎಕ್ಸ್‌ಚೇಂಜಿನಲ್ಲಿ ಲೋಹದ ತೋಳೊಂದು ಟಕಟಕನೆ ಐದು ಮೆಟ್ಟಿಲು ಹತ್ತಿ ನಿಂತು, ಆ ಸಾಲಿನಲ್ಲಿ ಖಾಲಿ ದಾರಿ ಹುಡುಕುತ್ತ ಅಡ್ಡಕ್ಕೆ ಹೊರಳುತ್ತದೆ. ಮುಂದಿನ ಅಂಕಿಗೆ ಮುಂದಿನ ತೋಳು. ಇಂಥ ಸಾವಿರಾರು ತೋಳುಗಳಿರುವ ಹಾಲಿನಲ್ಲಿ ನಿಂತರೆ ಮಗ್ಗದ ಶೆಡ್ಡಿನೊಳಗೆ ನಿಂತ ಹಾಗೆ. ಧೂಳು ಕೂತರೆ ಸಂಪರ್ಕ ಹೋಯಿತು. ಒರೆಸುವವರು, ತಿದ್ದುವವರು ಸದಾ ಹಾಜರಿರಬೇಕು.

ಇದನ್ನು ಕಂಡುಹಿಡಿದ ಆಲ್ಮನ್ ಸ್ಟ್ರೌಜರ್ ಎಂಜಿನಿಯರೇ ಅಲ್ಲ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವ್ಯಾಪಾರ ಅವನದು. ಎಕ್ಸ್‌ಚೇಂಜಿನಲ್ಲಿ ಕೂತ ಹೆಂಗಸು ತನ್ನ ಗಿರಾಕಿಗಳ ಕರೆಯನ್ನು ಎದುರಾಳಿಗೆ ತಿರುಗಿಸುತ್ತಿದ್ದಾಳೆ ಎಂಬ ಸಿಟ್ಟಿಗೆ, ನಡುವೆ ಮನುಷ್ಯರೇ ಬೇಡವೆಂದು ಈ ಯಂತ್ರ ಮಾಡಿದನಂತೆ. ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ನಡುವೆ ಇರುವವರನ್ನು ಕಿತ್ತುಹಾಕುವ ಹಟ ತಂತ್ರಜ್ಞಾನಕ್ಕೆ ಹುಟ್ಟಿನಿಂದಲೇ ಬಂದದ್ದು ಎನ್ನಬೇಕು.

ಎಂಬತ್ತರ ದಶಕಕ್ಕೆ ಬರೋಣ. ಎಪ್ಪತ್ತು ಕೋಟಿ ಜನರ ದೇಶದಲ್ಲಿ ಫೋನುಗಳ ಸಂಖ್ಯೆ ಇಪ್ಪತ್ತೈದು ಮೂವತ್ತು ಲಕ್ಷದ ಆಸುಪಾಸು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. ಫೋನೆಂಬುದು ಐಷಾರಾಮ, ಬೇಡವಾದವರು ವಾಪಸ್ ಕೊಡಬಹುದು ಎಂದು ಆ ಕಾಲದ ಸಂಪರ್ಕ ಸಚಿವರು ಹೇಳಿದ್ದರೆಂದು ಈಗಲೂ ಜನ ನೆನೆಸಿಕೊಳ್ಳುತ್ತಾರೆ. ಅದೇ ಹೊತ್ತಿಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ನೇಮಿಸಿದ ಮೇಟ್‌ಲ್ಯಾಂಡ್ ಆಯೋಗ 1985ರ ಜನವರಿಯಲ್ಲಿ ವರದಿ ಕೊಟ್ಟಿತು. ಜಗತ್ತಿನ 60 ಕೋಟಿ ಫೋನುಗಳಲ್ಲಿ ಮುಕ್ಕಾಲು ಪಾಲು ಒಂಬತ್ತು ಶ್ರೀಮಂತ ದೇಶಗಳಲ್ಲಿವೆ, ಟೋಕಿಯೊ ನಗರವೊಂದರಲ್ಲಿರುವಷ್ಟು ಫೋನು ಇಡೀ ಆಫ್ರಿಕಾ ಖಂಡದಲ್ಲಿಲ್ಲ ಎಂದಿತು. ಈ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆಯೋಗ ಇಟ್ಟುಕೊಂಡ ಗುರಿ. ಮನೆಮನೆಗೆ ಫೋನು ಎಂದು ಅದು ಕನಸು ಕಾಣಲಿಲ್ಲ. ಮುಂದಿನ ಶತಮಾನದ ಆರಂಭದ ಹೊತ್ತಿಗೆ ಪ್ರತಿಯೊಬ್ಬರಿಗೂ ಸುಲಭವಾಗಿ ಸಿಗುವಷ್ಟು ಹತ್ತಿರದಲ್ಲಿ ಒಂದು ಫೋನು ಇದ್ದರೆ ಸಾಕು ಎಂದಿತು.

ಆ ವರದಿ ಬರುವುದಕ್ಕೆ ಕೆಲವೇ ತಿಂಗಳು ಮೊದಲು, 1984ರ ಆಗಸ್ಟ್‌ನಲ್ಲಿ, ನಮ್ಮದೇ ಎಕ್ಸ್‌ಚೇಂಜು ರೂಪಿಸಲೆಂದು ಸರ್ಕಾರ ಕಟ್ಟಿದ ಸಿ-ಡಾಟ್ ಸಂಸ್ಥೆ ಹುಟ್ಟಿತ್ತು. ಅದರ ಹಿಂದಿದ್ದ ಸ್ಯಾಮ್ ಪಿತ್ರೋಡಾ ಹೆಸರು ಎಲ್ಲರಿಗೂ ಗೊತ್ತು. 36 ಕೋಟಿ ರೂಪಾಯಿ, 36 ತಿಂಗಳು ಎಂಬ ಅವರ ಲೆಕ್ಕವೂ ಗೊತ್ತು. ಆದರೆ ಆ ಸಂಸ್ಥೆಯ ಒಂದು ಕಾಲು ದೆಹಲಿಯಲ್ಲಿದ್ದರೆ ಇನ್ನೊಂದು ನಮ್ಮ ದಂಡಿನಲ್ಲಿ, ಮಿಲ್ಲರ್ಸ್ ರಸ್ತೆಯಲ್ಲಿ ಇತ್ತು ಎಂಬುದು ಆ ರಸ್ತೆಯಲ್ಲಿ ದಿನಾ ಓಡಾಡುವ ಎಷ್ಟು ಜನರಿಗೆ ಗೊತ್ತೋ ಕಾಣೆ. ದೊಡ್ಡ ನಗರದ ದೊಡ್ಡ ಎಕ್ಸ್‌ಚೇಂಜಿಗಿಂತ ಮೊದಲು ಸಿ-ಡಾಟ್‌ನ ಹುಡುಗರು ಹಳ್ಳಿಗೆಂದು ಪುಟ್ಟ ಎಕ್ಸ್‌ಚೇಂಜು ಮಾಡಿ ಮುಗಿಸಿದರು. ಹುಡುಗರು ಎಂದೇ ಹೇಳಬೇಕು, ಬಹಳಷ್ಟು ಮಂದಿ ಆಗತಾನೆ ಕಾಲೇಜು ಮುಗಿಸಿ ಬಂದವರು. 128 ಪೋರ್ಟುಗಳ ಈ ‘ರಾಕ್ಸ್’ ಒಂದೇ ಕಪಾಟಿನಲ್ಲಿ ಕೂರುತ್ತಿತ್ತು. ಮೊದಲನೆಯದು 1986ರ ಜುಲೈನಲ್ಲಿ ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ.

ಹೊರದೇಶಗಳಿಂದ ಬರುತ್ತಿದ್ದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಏರ್‌ ಕಂಡಿಷನರ್ ಇಲ್ಲದೆ ಬದುಕುತ್ತಿರಲಿಲ್ಲ. ಕರೆಂಟೇ ದಿನಕ್ಕೆ ನಾಲ್ಕು ಸಲ ಕೈಕೊಡುವ ಊರಿನಲ್ಲಿ ಎಕ್ಸ್‌ಚೇಂಜಿಗೊಂದು ಏರ್‌ ಕಂಡಿಷನರ್, ಅದಕ್ಕೊಂದು ಜನರೇಟರ್, ಅದಕ್ಕೆ ಡೀಸೆಲ್ ಎಂದು ಹೊರಟರೆ ಆ ಖರ್ಚಿನಲ್ಲಿ ಹೋಬಳಿಗೇ ರಸ್ತೆ ಮಾಡಬಹುದಿತ್ತು. ರಾಕ್ಸ್ ಕಡಿಮೆ ಕರೆಂಟು ತಿನ್ನುತ್ತಿತ್ತು. ಮೈ ಬಿಸಿಯಾದರೆ ಗಾಳಿಯಲ್ಲೇ ಆರಿಸಿಕೊಳ್ಳುತ್ತಿತ್ತು. ಧೂಳಿಗೆ, ಬೇಸಿಗೆಗೆ ಅಂಜುತ್ತಿರಲಿಲ್ಲ. ಅಂಚೆ ಕಚೇರಿಯ ಹಿಂದಿನ ಕೋಣೆಯಂಥ ಜಾಗದಲ್ಲೂ ಇಡಬಹುದಿತ್ತು. ಜೊತೆಗೆ ಒಂದೊಂದು ಲೈನೂ ದಿನವಿಡೀ ಬಿಡುವಿಲ್ಲದೆ ಮಾತಾಡುತ್ತದೆ ಎಂಬ ಅರಿವಿಟ್ಟುಕೊಂಡೇ ಅದನ್ನು ಮಾಡಿದ್ದರು. ಕ್ರಾಸ್‌ಬಾರ್ ಕಲಿಸಿದ ಪಾಠ ವ್ಯರ್ಥವಾಗಿರಲಿಲ್ಲ.

ಆದರೆ ಎಕ್ಸ್‌ಚೇಂಜು ಬಂದ ಮಾತ್ರಕ್ಕೆ ಕೂಲಿಯವನ ಕೈಗೆ ಫೋನು ಬರುವುದಿಲ್ಲ. ಅದನ್ನು ತಂದುಕೊಟ್ಟದ್ದು ಹಳದಿ ಬೋರ್ಡಿನ ಎಸ್‌ಟಿಡಿ ಬೂತು. ಅಭಿವೃದ್ಧಿಯ ಚರಿತ್ರೆ ಬರೆಯುವವರು ಇದಕ್ಕೆ ಸಿಗಬೇಕಾದ ಗೌರವ ಕೊಟ್ಟಿಲ್ಲ ಎಂದು ನನಗೆ ಬಹಳ ದಿನದ ತಕರಾರು. ಎಂಬತ್ತರ ದಶಕದ ಕೊನೆಯಿಂದ ಲಕ್ಷಗಟ್ಟಲೆ ಬೂತುಗಳು ತಲೆಯೆತ್ತಿದವು. ಮಂಜೂರಾತಿಯಲ್ಲಿ ಅಂಗವಿಕಲರಿಗೆ ಆದ್ಯತೆ ಇತ್ತು. ಪ್ಲೈವುಡ್ಡಿನ ಗೂಡು, ಗಾಜಿನ ಬಾಗಿಲು, ಒಳಗೆ ತಿರುಗಲು ಬಾರದ ಫ್ಯಾನು, ತಲೆಯ ಮೇಲೆ ಕೆಂಪು ಅಂಕಿಗಳ ಮೀಟರು. ಊರಿನ ಸುದ್ದಿ ಕೇಳುತ್ತ ಕಣ್ಣು ಮಾತ್ರ ಮೀಟರಿನ ಮೇಲೆಯೇ. ಮಾತು ಮುಗಿದ ಕೂಡಲೇ ಪುಟ್ಟ ಪ್ರಿಂಟರು ಕಿರ್ರೆಂದು ಚೀಟಿ ಉಗುಳುತ್ತಿತ್ತು.

ರಾತ್ರಿ ಹನ್ನೊಂದಾದ ಮೇಲೆ ದರ ಕಾಲು ಭಾಗಕ್ಕೆ ಇಳಿಯುತ್ತಿದ್ದ ಕಾಲದಲ್ಲಿ ದಂಡಿನ ಬೀದಿಗಳು ಆ ಹೊತ್ತಿಗೆ ಮತ್ತೆ ಎದ್ದು ಕೂರುತ್ತಿದ್ದವು. ಹಲಸೂರು ಕೆರೆಯ ಕಡೆ ಎಂಇಜಿ ಸೇನಾ ಕೇಂದ್ರದ ಜವಾನರು, ಶಿವಾಜಿನಗರದಲ್ಲಿ ಸೌದಿಗೋ ದುಬೈಗೋ ಹೋದ ಗಂಡಸರ ಮನೆಯವರು, ಕಂಟೋನ್ಮೆಂಟ್ ಸ್ಟೇಷನ್ನಿನ ಎದುರು ರೈಲು ತಪ್ಪಿದವರು. ಬೂತಿನವನ ಕೆಲಸ ಹಣ ಎಣಿಸುವುದಷ್ಟೇ ಆಗಿರಲಿಲ್ಲ. ಅಕ್ಷರ ಬಾರದವರಿಗೆ ನಂಬರು ಒತ್ತಿಕೊಡುತ್ತಿದ್ದ. ಯಾವ ಊರಿಗೆ ಯಾವ ಕೋಡು ಎಂಬುದು ಅವನಿಗೆ ಬಾಯಿಪಾಠ. ಆಚೆಯಿಂದ ಕರೆ ಬಂದರೆ ಹುಡುಗನನ್ನು ಓಡಿಸಿ ವಠಾರದಿಂದ ಜನರನ್ನು ಕರೆಸುತ್ತಿದ್ದ. ಯಾರ ಮಗ ದುಡ್ಡು ಕಳಿಸಿಲ್ಲ, ಯಾರ ಮಗಳ ಸಂಬಂಧ ಮುರಿಯಿತು ಎಲ್ಲ ಅವನಿಗೆ ಗೊತ್ತು. ಅಷ್ಟು ಗೊತ್ತಿದ್ದೂ ಬಾಯಿ ಬಿಡದವನ ಬೂತಿಗೇ ವ್ಯಾಪಾರ ಹೆಚ್ಚು.

ಇದೇ ಉಪಾಯವನ್ನು 1997ರಲ್ಲಿ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಬಳಗ ಮೊಬೈಲ್ ಫೋನಿನಲ್ಲಿ ಮಾಡಿತು. ಹಳ್ಳಿಯ ಹೆಂಗಸೊಬ್ಬಳಿಗೆ ಸಾಲದಲ್ಲಿ ಒಂದು ಫೋನು, ಆಕೆ ನಿಮಿಷಕ್ಕಿಷ್ಟು ಎಂದು ಊರಿಗೆಲ್ಲ ಮಾತು ಮಾರುವುದು. ‘ಫೋನ್ ಲೇಡಿ’ ಜಗತ್ತಿಗೇ ಪ್ರಸಿದ್ಧಳಾದಳು. ಕೆನ್ಯಾದಲ್ಲಿ 2007ರಲ್ಲಿ ಬಂದ ಎಂ-ಪೆಸಾ ಹಣ ರವಾನೆ ಕೂಡ ನಿಂತದ್ದು ಮೂಲೆಮೂಲೆಯ ಅಂಗಡಿಗಳಲ್ಲಿ ನಗದು ಹಿಡಿದು ಕೂತ ಏಜೆಂಟರ ಮೇಲೆ. ನಮ್ಮ ಬೂತಿನವರಿಗೆ ಅಂಥ ಪ್ರಸಿದ್ಧಿ ಸಿಗಲಿಲ್ಲ.

ಬೆಂಗಳೂರಿನ ಬುದ್ಧಿವಂತರು ಇದೇ ಹಾದಿಯಲ್ಲಿ ಇನ್ನೊಂದು ಪ್ರಯತ್ನ ಮಾಡಿ ಸೋತದ್ದೂ ಉಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಕಂಪನಿಯವರೂ ಸೇರಿ ರೂಪಿಸಿದ ‘ಸಿಂಪ್ಯೂಟರ್’ ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರು. ಹಳ್ಳಿಗೆಲ್ಲ ಸೇರಿ ಒಂದು ಸಾಧನ ಇರಲಿ, ಪ್ರತಿಯೊಬ್ಬರ ಹತ್ತಿರ ತಮ್ಮದೇ ಒಂದು ಸ್ಮಾರ್ಟ್ ಕಾರ್ಡ್ ಇರಲಿ, ಕಾರ್ಡು ತೂರಿಸಿದರೆ ಆ ಹೊತ್ತಿಗೆ ಸಾಧನ ಅವರದಾಗಲಿ ಎಂಬುದು ಅದರ ಜೀವಾಳ. ಹಂಚಿಕೊಂಡು ಬಳಸುವ ಜನರಿಗೆಂದೇ ಯೋಚಿಸಿ ಮಾಡಿದ ಕಂಪ್ಯೂಟರು ಜಗತ್ತಿನಲ್ಲಿ ಹೆಚ್ಚಿಲ್ಲ. ಆದರೆ 2004ರಲ್ಲಿ ಬಿಇಎಲ್‌ನಲ್ಲಿ ತಯಾರಾಗಿ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಅದರ ಬೆಲೆ ಹತ್ತು ಸಾವಿರದ ಹತ್ತಿರ. ಅಷ್ಟರಲ್ಲಿ 2003ರಿಂದ ಮೊಬೈಲಿಗೆ ಬರುವ ಕರೆಗಳು ಉಚಿತವಾಗಿ, ಅದೇ ವರ್ಷ ರಿಲಯನ್ಸ್ 501 ರೂಪಾಯಿ ಕಟ್ಟಿಸಿಕೊಂಡು ಫೋನು ಹಂಚಿಯಾಗಿತ್ತು. ಅಲ್ಲದೆ ಬೂತಿನಿಂದ ಒಂದು ಸಂಸಾರ ಊಟ ಮಾಡುತ್ತಿತ್ತು, ಸಿಂಪ್ಯೂಟರನ್ನು ಹಳ್ಳಿಯಲ್ಲಿ ಇಟ್ಟುಕೊಂಡು ಕೂರುವವನ ಊಟ ಎಲ್ಲಿಂದ ಎಂಬುದಕ್ಕೆ ಉತ್ತರವಿರಲಿಲ್ಲ.

ಹಂಚಿಕೊಂಡು ಬಳಸುವ ಇನ್ನೊಂದು ಸಾಧನ ರೇಡಿಯೊ, ಅದರ ಕತೆಯೂ ಈ ಬಡಾವಣೆಗಳಿಂದಲೇ ಶುರುವಾಗುತ್ತದೆ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಪಬ್ಬುಗಳು ಸಾಲುಗಟ್ಟುವ ಮೊದಲು ಆ ಸುತ್ತಿನ ಅಡ್ಡರಸ್ತೆಗಳಲ್ಲಿ, ಮನೆಯಂತೆಯೇ ಕಾಣುವ ಕಟ್ಟಡಗಳಲ್ಲಿ ಅನೇಕ ಸ್ವಯಂಸೇವಾ ಸಂಸ್ಥೆಗಳಿದ್ದವು. ಕೆಲವು ಈಗಲೂ ಇವೆ. ದೊಮ್ಮಲೂರಿನ ಸರ್ವಿಸ್ ರಸ್ತೆಯಲ್ಲಿ ಮೈರಾಡ. 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು ಹುಟ್ಟಿ, ಆಮೇಲೆ ಹಳ್ಳಿ ಹೆಂಗಸರ ಸ್ವಸಹಾಯ ಸಂಘಗಳಿಗೆ ಹೆಸರಾದ ಸಂಸ್ಥೆ. ಇಂದಿರಾನಗರದಲ್ಲಿ ವಾಯ್ಸಸ್ ಎಂಬ ಇನ್ನೊಂದು. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತ್ತಷ್ಟೆ. ಹಾಗಾದರೆ ಊರಿನವರೇ ನಡೆಸುವ ರೇಡಿಯೊಗೂ ಅವಕಾಶ ಕೊಡಿ ಎಂದು 1996ರ ಸೆಪ್ಟೆಂಬರಿನಲ್ಲಿ ವಾಯ್ಸಸ್ ಕರೆದ ಸಭೆಯಲ್ಲಿ ‘ಬೆಂಗಳೂರು ಘೋಷಣೆ’ ಹೊರಟಿತು. ಸರ್ಕಾರ ಕದಲಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆ ಕೈಯಲ್ಲಿರುವಾಗ ಕದಲುವ ಅವಸರವೇನು?

ಕಾಯುವ ಬದಲು ಈ ಎರಡು ಸಂಸ್ಥೆಗಳು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಶುರುಮಾಡಿದವು. ಹೈದರಾಲಿ ಹುಟ್ಟಿದ ಊರು. ಕಂಟೋನ್ಮೆಂಟಿನಲ್ಲಿ ರೈಲು ಹತ್ತಿ ಕೆ.ಆರ್. ಪುರ, ಮಾಲೂರು ದಾಟಿ ಬಂಗಾರಪೇಟೆಯಲ್ಲಿ ಇಳಿದರೆ ಮುಂದೆ ಸ್ವಲ್ಪ ದೂರ. ಯುನೆಸ್ಕೊ ನೆರವಿನಿಂದ ಪುಟ್ಟದೊಂದು ಸ್ಟುಡಿಯೊ ಎದ್ದಿತು. ಸಂಘದ ಹೆಂಗಸರು, ಊರಿನ ಹುಡುಗ ಹುಡುಗಿಯರು ರೆಕಾರ್ಡ್ ಮಾಡುವುದು ಕಲಿತರು. ಬೇಸಾಯ, ಬಾಣಂತಿ ಆರೈಕೆ, ಸಾಲದ ಲೆಕ್ಕ, ಹಾಡು ಎಲ್ಲವೂ ಅವರ ಬಾಯಲ್ಲೇ, ಆ ಸೀಮೆಯ ಕನ್ನಡದಲ್ಲೇ. ಪ್ರಸಾರಕ್ಕೆ ಲೈಸೆನ್ಸ್ ಇಲ್ಲವಲ್ಲ? ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಹಾಕಿದರು, ವಾರದ ಸಂತೆಯಲ್ಲಿ ಲೌಡ್‌ಸ್ಪೀಕರ್ ಕಟ್ಟಿ ಕೇಳಿಸಿದರು. ಆಮೇಲೆ ಹೊಳೆದದ್ದು ಕೇಬಲ್ ಟಿವಿಯ ತಂತಿ. ಗಾಳಿಗೆ ಬಿಟ್ಟರೆ ಅಪರಾಧ, ತಂತಿಗೆ ಬಿಟ್ಟರೆ ಅಲ್ಲ. ಸಿನಿಮಾ, ಧಾರಾವಾಹಿ ಬರುತ್ತಿದ್ದ ಅದೇ ತಂತಿಯಲ್ಲಿ 2003ರ ಹೊತ್ತಿಗೆ ಬೂದಿಕೋಟೆಯವರ ದನಿಯೂ ಬರತೊಡಗಿತು. ಆಂಟೆನಾ ಇಲ್ಲದ ರೇಡಿಯೊ!

ಬಡವರ ಕೈಗೆ ಮಾಹಿತಿ ತಂತ್ರಜ್ಞಾನ ಕೊಟ್ಟರೆ ಏನಾಗುತ್ತದೆಂದು ನೋಡಲು ಯುನೆಸ್ಕೊ ದಕ್ಷಿಣ ಏಷ್ಯಾದಲ್ಲಿ ಆರಿಸಿಕೊಂಡ ಕೇಂದ್ರಗಳಲ್ಲಿ ಬೂದಿಕೋಟೆಯೂ ಒಂದು. ಅಲ್ಲಿಗೆ ಕಂಪ್ಯೂಟರುಗಳೂ ಬಂದವು. ಕೇಂದ್ರ ಸರ್ಕಾರ ಸಮುದಾಯ ರೇಡಿಯೊದ ಬಾಗಿಲನ್ನು ಮೊದಲು ತೆರೆದದ್ದು ವಿದ್ಯಾಸಂಸ್ಥೆಗಳಿಗೆ, ಬೂದಿಕೋಟೆಯಂಥ ಊರುಗಳ ಪರವಾಗಿ ಅರ್ಜಿ ಹಾಕಬಲ್ಲ ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶ ಸಿಕ್ಕಿದ್ದು 2006ರ ನವೆಂಬರಿನಲ್ಲಿ. ಬೆಂಗಳೂರು ಘೋಷಣೆಯಾಗಿ ಹತ್ತು ವರ್ಷ. ಯಂತ್ರಕ್ಕಾಗಿ ಯಾರೂ ಕಾಯಲಿಲ್ಲ, ಕಾದದ್ದೆಲ್ಲ ಒಂದು ಸಹಿಗಾಗಿ. ಸಿಕ್ಕ ಅನುಮತಿಯಲ್ಲೂ ಸ್ವಂತ ಸುದ್ದಿ ಓದುವಂತಿಲ್ಲ ಎಂಬ ನಿರ್ಬಂಧ ಉಳಿಯಿತು. ತಮ್ಮೂರಿನ ಕೆರೆ ಒಡೆದರೆ ಅದನ್ನು ಸುದ್ದಿಯೆಂದು ಓದುವ ಹಾಗಿಲ್ಲದ ರೇಡಿಯೊ ಎಂಥ ರೇಡಿಯೊ ಎಂದು ಕೇಳುವವರು ಕೇಳುತ್ತಲೇ ಇದ್ದಾರೆ.

ಈಗ ಬೂತುಗಳಿಲ್ಲ. ಗೂಡುಗಳು ಜ್ಯೂಸಿನಂಗಡಿ, ಮೊಬೈಲ್ ರಿಪೇರಿ ಅಂಗಡಿ ಆಗಿವೆ. ಎಲ್ಲರ ಜೇಬಿನಲ್ಲೂ ಫೋನಿದೆ ಎಂದು ನಂಬಿ ಸರ್ಕಾರ, ಬ್ಯಾಂಕು, ಗ್ಯಾಸ್ ಏಜೆನ್ಸಿ ಎಲ್ಲ ತಮ್ಮ ಬಾಗಿಲುಗಳನ್ನು ಅದರೊಳಕ್ಕೆ ಸಾಗಿಸಿವೆ. ಆ ನಂಬಿಕೆ ಎಷ್ಟು ಗಟ್ಟಿ ಎಂದು ನೋಡಬೇಕಾದರೆ ಶಿವಾಜಿನಗರಕ್ಕೆ ಹೋಗಬೇಕು. ರಸೆಲ್ ಮಾರ್ಕೆಟ್ಟಿನ ಆಚೆಯ ಗಲ್ಲಿಗಳಲ್ಲಿ ಹತ್ತು ಹೆಜ್ಜೆಗೊಂದು ಆನ್‌ಲೈನ್ ಸೆಂಟರು. ಪ್ಯಾನ್ ಕಾರ್ಡು, ರೇಷನ್ ಕಾರ್ಡು, ಜಾತಿ ಆದಾಯ ಪ್ರಮಾಣಪತ್ರ, ಪಾಸ್‌ಪೋರ್ಟು, ಸ್ಕಾಲರ್‌ಶಿಪ್ಪು. ಅಂಥದೊಂದು ಅಂಗಡಿಯಲ್ಲಿ ಜೆರಾಕ್ಸಿಗೆಂದು ನಿಂತಿದ್ದಾಗ ಅರವತ್ತು ದಾಟಿದ ಹೆಂಗಸೊಬ್ಬರು ಮುರುಕು ಪ್ಲಾಸ್ಟಿಕ್ ಕವರಿನಿಂದ ಆಧಾರ್ ಕಾರ್ಡು ತೆಗೆದು ಕೊಟ್ಟರು.

“ಓಟಿಪಿ ಬಂದಿರ್ಬೇಕು ನೋಡಿ ಅಮ್ಮ.”

“ಆ ನಂಬರು ನಂದಲ್ಲಪ್ಪ, ಮಗನ್ದು. ಡೆಲಿವರಿಗೆ ಹೋಗವ್ನೆ.”

ಅಂಗಡಿಯ ಹುಡುಗನಿಗೆ ಇದು ಹೊಸದಲ್ಲ. ತನ್ನ ಫೋನಿನಿಂದಲೇ ಆ ಮಗನಿಗೆ ಹಚ್ಚಿದ. ಎರಡು ಸಲ ಎತ್ತಲಿಲ್ಲ. ಅಷ್ಟರಲ್ಲಿ ಮೊದಲ ಓಟಿಪಿಯ ಅವಧಿ ಮುಗಿಯಿತು. ಮೂರನೆಯ ಸಲ ಎತ್ತಿದ. “ಗಾಡಿ ಸೈಡಿಗೆ ಹಾಕಣ್ಣ, ಇನ್ನೊಂದ್ಸಲ ಕಳಿಸ್ತೀನಿ, ಬಂದ ತಕ್ಷಣ ಹೇಳು.” ಟಿನ್ ಫ್ಯಾಕ್ಟರಿ ಹತ್ತಿರ ಎಲ್ಲೋ ಟ್ರಾಫಿಕ್ಕಿನಲ್ಲಿದ್ದ ಮಗ ಆರು ಅಂಕಿಗಳನ್ನು ಕೂಗಿದ, ಹುಡುಗ ಸ್ಪೀಕರಿನಲ್ಲೇ ಕೇಳಿಸಿಕೊಂಡು ಒತ್ತಿದ. ಸಾಲಿನಲ್ಲಿದ್ದ ನಮಗೆಲ್ಲ ಆ ಸಂಖ್ಯೆ ಗೊತ್ತಾಯಿತು. ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ದಿನವೂ ಮೆಸೇಜು ಕಳಿಸುತ್ತಾರೆ.

ಒಂದು ಫೋನು, ಒಬ್ಬ ಮನುಷ್ಯ ಎಂದು ಲೆಕ್ಕ ಹಾಕಿದವರು ಈ ಸಲ ಆಂಟ್‌ವರ್ಪ್‌ನವರಲ್ಲ. ಇದೇ ಊರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಕೂತವರು, ಬಹುಶಃ ಆ ಮಗ ಊಟದ ಪೊಟ್ಟಣ ತಲುಪಿಸುವ ಅದೇ ಕಟ್ಟಡಗಳಲ್ಲಿ. ಮನೆಯಲ್ಲಿ ಒಂದೇ ನಂಬರನ್ನು ಅಮ್ಮನ ಆಧಾರ್, ಹೆಂಡತಿಯ ಬ್ಯಾಂಕ್ ಖಾತೆ, ಮಗುವಿನ ಸ್ಕಾಲರ್‌ಶಿಪ್ಪು ಮೂರಕ್ಕೂ ಕೊಟ್ಟಿರುತ್ತಾರೆ. ಸಿಮ್ಮು ಬದಲಾದರೆ ಮೂವರೂ ಒಟ್ಟಿಗೆ ಸರ್ಕಾರದ ಕಣ್ಣಿನಿಂದ ಮಾಯ.

ಬೂತಿನವನಿಗೂ ಈ ಹುಡುಗನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬೂತಿನವನಿಗೆ ಇಲಾಖೆಯ ಅನುಮತಿ ಇತ್ತು, ದರ ಸರ್ಕಾರದ್ದು, ಮೀಟರು ಗಿರಾಕಿಯ ಕಣ್ಣೆದುರು, ಕೈಗೆ ಚೀಟಿ. ಆನ್‌ಲೈನ್ ಸೆಂಟರಿನವನಿಗೆ ಇದ್ಯಾವುದೂ ಇಲ್ಲ. ಐವತ್ತು ಕೇಳಬಹುದು, ಇನ್ನೂರು ಕೇಳಬಹುದು. ಅವನ ಕಂಪ್ಯೂಟರಿನಲ್ಲಿ ಎಷ್ಟು ಜನರ ಆಧಾರ್ ಪ್ರತಿಗಳು ಬಿದ್ದಿವೆ ಎಂದು ಕೇಳುವವರಿಲ್ಲ. 2005ರಲ್ಲಿ ಬಂದ ಬೆಂಗಳೂರು ಒನ್, ಈಚಿನ ಗ್ರಾಮ ಒನ್ ಕೇಂದ್ರಗಳು ಈ ಕೆಲಸಕ್ಕೆ ಸರ್ಕಾರವೇ ಕೊಟ್ಟ ಮರ್ಯಾದೆಯ ರೂಪ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಅವುಗಳ ಮುಂದೆ ನಿಂತ ಹೆಂಗಸರ ಸಾಲು ನೋಡಿದವರಿಗೆ, ಎಲ್ಲರೂ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಅರ್ಜಿ ಹಾಕುತ್ತಾರೆ ಎಂಬ ಮಾತು ಎಷ್ಟು ನಿಜ ಎಂದು ಗೊತ್ತಾಗಿರುತ್ತದೆ. ಗಲ್ಲಿಯ ಅಂಗಡಿಗಳನ್ನೂ ಅದೇ ಲೆಕ್ಕಕ್ಕೆ ತರಬಹುದು. ದರದ ಬೋರ್ಡು, ರಸೀದಿ, ಉಳಿಸಿಕೊಂಡ ದಾಖಲೆಗಳಿಗೆ ಒಂದು ಕಾನೂನು. ಎಸ್‌ಟಿಡಿ ಮೀಟರಿಗಿಂತ ಕಷ್ಟದ ವಿದ್ಯೆಯೇನೂ ಇದಕ್ಕೆ ಬೇಡ.

ಆ ದಿನ ಹುಡುಗ ಆಕೆಯಿಂದ ತೆಗೆದುಕೊಂಡದ್ದು ಮೂವತ್ತು ರೂಪಾಯಿ. ನನ್ನ ಜೆರಾಕ್ಸಿಗೆ ಹತ್ತು. ಮುಂದಿನ ಸಲ ಭಾನುವಾರ ಬನ್ನಿ ಅಮ್ಮ, ಮಗ ಮನೇಲಿರ್ತಾನಲ್ಲ ಎಂದ. ಭಾನುವಾರವೇ ಅವನಿಗೆ ಡೆಲಿವರಿ ಜಾಸ್ತಿ ಎಂದರು ಆಕೆ.